ಮಾದರಿ ರೈಲು ಲೇಔಟ್: ಸೂಕ್ಷ್ಮ ವಿವರಗಳು ಮತ್ತು ಕೆಲಸ ಮಾಡುವ ಸಿಗ್ನಲ್‌ಗಳು

ಮಾದರಿ ರೈಲು ಲೇಔಟ್ – ನಿಜವಾದ ರೈಲುಮಾರ್ಗವನ್ನು ಗೊತ್ತಾದ ಪ್ರಮಾಣದಲ್ಲಿ ಕುಗ್ಗಿಸಿ, ಹಳಿ, ಗಾಡಿ, ನಿಲ್ದಾಣ, ಸುತ್ತಲಿನ ನೆಲ ಇವೆಲ್ಲವನ್ನೂ ಹಲಗೆಯ ಮೇಲೆ ಕಟ್ಟುವ ರಚನೆ. ಹಳಿ ಜೋಡಿಸಿ ಗಾಡಿ ಓಡಿಸುವುದು ಇದರ ಮೊದಲ ಭಾಗ. ಎರಡನೆಯ ಭಾಗದಲ್ಲಿ ಜಲ್ಲಿ, ಕಂಬ, ಕಟ್ಟಡ, ಗಿಡಮರ, ಜನ ಮೊದಲಾದ ವಿವರಗಳು ಸೇರುತ್ತವೆ. ಮೂರನೆಯದು, ಎಲ್ಲಕ್ಕಿಂತ ಹೆಚ್ಚು ವಿಚಾರ ಬೇಡುವ ಭಾಗ, ನಿಜವಾಗಿ ಏಳುವ-ಇಳಿಯುವ ಕೈಮರಗಳನ್ನು ಅಥವಾ ಬಣ್ಣ ಬದಲಿಸುವ ದೀಪಗಳನ್ನು ನಿಲ್ಲಿಸಿ, ಗಾಡಿಗಳ ಓಡಾಟವನ್ನು ಅವುಗಳ ಅಧೀನಕ್ಕೆ ತರುವುದು. ಸಿಗ್ನಲ್ ಇಲ್ಲದ ಲೇಔಟಿನಲ್ಲಿ ಗಾಡಿ ಸುತ್ತುತ್ತದೆ, ಅಷ್ಟೆ. ಸಿಗ್ನಲ್ ಬಂದ ಮೇಲೆ ಅದು ಒಂದು ಕಡೆಯಿಂದ ಹೊರಟು, ಅಪ್ಪಣೆಗೆ ಕಾದು, ಇನ್ನೊಂದು ಕಡೆ ತಲುಪುತ್ತದೆ.

ಈ ಲೇಖನದಲ್ಲಿ ಉದಾಹರಣೆಗೆ ಆರಿಸಿಕೊಂಡಿರುವುದು ವಿಜಯಪುರ ಜಿಲ್ಲೆಯನ್ನು ಹಾದುಹೋಗುವ ಹೊಟಗಿ–ಗದಗ ಮಾರ್ಗ ಮತ್ತು ಅದರಲ್ಲಿರುವ ಇಂಡಿ ರೋಡ್‌ನಂಥ ದಾರಿಬದಿಯ ನಿಲ್ದಾಣ. ಅಳತೆ, ಬಣ್ಣ, ಸಿಗ್ನಲ್ ಕ್ರಮ ಎಲ್ಲವೂ ಊರಿನಿಂದ ಊರಿಗೆ ಬದಲಾಗುವುದರಿಂದ, ಒಂದು ನೆಲವನ್ನು ಹಿಡಿದು ಹೇಳಿದರೆ ವಿಷಯ ತಿಳಿಯಾಗುತ್ತದೆ.

ಪ್ರಮಾಣ ಮತ್ತು ಹಳಿಯ ಅಗಲ

ಮಾದರಿ ರೈಲಿನಲ್ಲಿ ಪ್ರಮಾಣ ಮತ್ತು ಗೇಜ್ ಎರಡು ಬೇರೆ ಸಂಗತಿಗಳು. ಪ್ರಮಾಣ ಎಂದರೆ ಎಷ್ಟು ಪಟ್ಟು ಕುಗ್ಗಿಸಲಾಗಿದೆ ಎಂಬ ಲೆಕ್ಕ; ಗೇಜ್ ಎಂದರೆ ಎರಡು ಹಳಿಗಳ ನಡುವಿನ ಅಂತರ. ಪ್ರಪಂಚದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಚ್‌ಒ, ಅಂದರೆ 1:87; ಅದರ ಹಳಿಯ ಅಗಲ 16.5 ಮಿ.ಮೀ. ಬ್ರಿಟನ್ನಿನಲ್ಲಿ ಅದೇ 16.5 ಮಿ.ಮೀ. ಹಳಿಯ ಮೇಲೆ 1:76 ಪ್ರಮಾಣದ ಡಬಲ್ ಒ ಓಡುತ್ತದೆ. ಎನ್ ಪ್ರಮಾಣ 1:160, ಹಳಿಯ ಅಗಲ 9 ಮಿ.ಮೀ. ಇನ್ನೂ ಚಿಕ್ಕದಾದ ಜಡ್ 1:220, ಹಳಿ 6.5 ಮಿ.ಮೀ.; ಇದನ್ನು ಜರ್ಮನಿಯ ಮಾರ್ಕ್ಲಿನ್ 1972ರಲ್ಲಿ ಹೊರತಂದಿತು.

ಈ ಹಳಿಗಳೆಲ್ಲ 1435 ಮಿ.ಮೀ.ನ ಸ್ಟ್ಯಾಂಡರ್ಡ್ ಗೇಜನ್ನು ಮನಸ್ಸಿನಲ್ಲಿಟ್ಟು ಮಾಡಿದವು. ಭಾರತದ ಬ್ರಾಡ್ ಗೇಜ್ 1676 ಮಿ.ಮೀ.; ಎಚ್‌ಒ ಪ್ರಮಾಣದಲ್ಲಿ ಅದು 19.3 ಮಿ.ಮೀ. ಆಗಬೇಕು. ಅಂಗಡಿಯಲ್ಲಿ ಸಿಗುವ 16.5 ಮಿ.ಮೀ. ಹಳಿಯ ಮೇಲೆ ಭಾರತದ ಎಂಜಿನ್ನನ್ನು ನಿಲ್ಲಿಸಿದರೆ ಕಾಲು ಕೂಡಿಸಿ ನಿಂತ ಹಾಗೆ ಕಾಣುವುದು ಇದೇ ಕಾರಣಕ್ಕೆ. ಮೀಟರ್ ಗೇಜಿಗೆ ಈ ತೊಂದರೆ ಕಡಿಮೆ. 1000 ಮಿ.ಮೀ.ಯನ್ನು 87ರಿಂದ ಭಾಗಿಸಿದರೆ 11.5 ಬರುತ್ತದೆ, 12 ಮಿ.ಮೀ. ಹಳಿ ಸುಲಭವಾಗಿ ಸಿಗುತ್ತದೆ. ಎನ್ ಪ್ರಮಾಣದಲ್ಲಿ ಅದು 6.25 ಮಿ.ಮೀ.; ಜಡ್‌ನ 6.5 ಮಿ.ಮೀ. ಹಳಿ ಅದಕ್ಕೆ ಒದಗುತ್ತದೆ. ಹಾಗಾಗಿ ಹಳೆಯ ಮೀಟರ್ ಗೇಜ್ ಕಾಲದ ಕರ್ನಾಟಕವನ್ನು ಕಟ್ಟುವವರಿಗೆ ಅಳತೆ ಹೆಚ್ಚು ನಿಷ್ಠವಾಗಿ ಕೂಡಿಬರುತ್ತದೆ.

ಹಳಿಯ ಎತ್ತರವನ್ನೂ ಗಮನಿಸಬೇಕು. 60 ಕೆ.ಜಿ. ಹಳಿ 172 ಮಿ.ಮೀ. ಎತ್ತರವಿದೆ, ಎಚ್‌ಒದಲ್ಲಿ ಅದು 2 ಮಿ.ಮೀ. ಆಟಿಕೆ ಸೆಟ್ಟುಗಳೊಂದಿಗೆ ಬರುವ ಕೋಡ್ 100 (ಕೋಡ್ ಎಂದರೆ ಇಂಚಿನ ಸಾವಿರದ ಭಾಗಗಳಲ್ಲಿ ಹಳಿಯ ಎತ್ತರ) ಹಳಿಯ ಎತ್ತರ 2.54 ಮಿ.ಮೀ., ಅಂದರೆ ನಿಜದಲ್ಲಿ 22 ಸೆಂ.ಮೀ.; ಅಷ್ಟು ಎತ್ತರದ ಹಳಿ ರೈಲುಮಾರ್ಗಗಳಲ್ಲಿ ಇಲ್ಲ. ಇಂದಿನ ಬ್ರಾಡ್ ಗೇಜಿಗೆ ಕೋಡ್ 75, ಮೀಟರ್ ಗೇಜಿನ 60 ಪೌಂಡ್ ಹಳಿಗೆ ಕೋಡ್ 55 ಹೊಂದುತ್ತದೆ.

ಹಿನ್ನೆಲೆ

ಮಾರ್ಕ್ಲಿನ್ ಸಂಸ್ಥೆ 1891ರ ಲೈಪ್‌ಜಿಗ್ ಜಾತ್ರೆಯಲ್ಲಿ ಗೊತ್ತುಪಡಿಸಿದ ಗೇಜುಗಳ ಆಟದ ರೈಲನ್ನು ತೋರಿಸಿದ ಮೇಲೆ, ಬಿಡಿಬಿಡಿಯಾಗಿ ಹಳಿ, ಗಾಡಿ, ನಿಲ್ದಾಣಗಳನ್ನು ಕೊಂಡು ಬೆಳೆಸಿಕೊಂಡು ಹೋಗುವ ಪದ್ಧತಿ ಬೇರೂರಿತು. ಬ್ರಿಟನ್ನಿನಲ್ಲಿ ಮೆಕ್ಯಾನೊ ಆಟಿಕೆಯ ಜನಕ ಫ್ರಾಂಕ್ ಹಾರ್ನ್‌ಬಿ 1920ರಲ್ಲಿ ರೈಲುಗಳನ್ನು ಮಾರುಕಟ್ಟೆಗೆ ತಂದ. 1938ರಲ್ಲಿ ಡಬಲ್ ಒ ಅಳತೆಯ ಹಾರ್ನ್‌ಬಿ ಡಬ್ಲೊ ಬಂತು. ಅಮೆರಿಕದಲ್ಲಿ 1935ರಲ್ಲಿ ಹುಟ್ಟಿದ ರಾಷ್ಟ್ರೀಯ ಮಾದರಿ ರೈಲ್‌ರೋಡ್ ಸಂಘ ಚಕ್ರ, ಹಳಿ, ವಿದ್ಯುತ್ತುಗಳಿಗೆ ಏಕರೂಪದ ಅಳತೆಗಳನ್ನು ನಿಗದಿ ಮಾಡಿತು. 1990ರ ದಶಕದಲ್ಲಿ ಜರ್ಮನಿಯ ಲೆಂಜ್ ಕಂಪನಿಯ ವಿಧಾನವನ್ನು ಆಧಾರವಾಗಿಟ್ಟುಕೊಂಡು ಅದೇ ಸಂಘ ಡಿಸಿಸಿ ಎಂಬ ಡಿಜಿಟಲ್ ನಿಯಂತ್ರಣ ಕ್ರಮವನ್ನು ರೂಪಿಸಿತು. ಒಂದೇ ಹಳಿಯ ಮೇಲೆ ಹಲವು ಎಂಜಿನ್ನುಗಳನ್ನು ಬೇರೆ ಬೇರೆ ವೇಗದಲ್ಲಿ ಓಡಿಸುವುದು ಇದರಿಂದ ಸಾಧ್ಯವಾಯಿತು.

ಸಿಗ್ನಲ್‌ಗಳ ಮಾದರಿ ಆಟಕ್ಕಷ್ಟೇ ಸೀಮಿತವಾಗಿರಲಿಲ್ಲ. ಬ್ರಿಟನ್ನಿನ ಲ್ಯಾಂಕಷೈರ್ ಮತ್ತು ಯಾರ್ಕ್‌ಷೈರ್ ರೈಲ್ವೆ 1912ರಲ್ಲಿ ಕಟ್ಟಿಸಿದ ಮಾದರಿ ಮಾರ್ಗ, ಸಿಗ್ನಲ್ ಸಿಬ್ಬಂದಿಗೆ ಪಾಠ ಹೇಳಲು ದಶಕಗಳ ಕಾಲ ಬಳಕೆಯಾಗಿ ಈಗ ಯಾರ್ಕ್‌ನ ವಸ್ತುಸಂಗ್ರಹಾಲಯದಲ್ಲಿದೆ. ಭಾರತದಲ್ಲಿ ಇದೇ ವಿದ್ಯೆಗೆ ಮೀಸಲಾದ ಸಂಸ್ಥೆ ಸಿಕಂದರಾಬಾದಿನ ಇರಿಸೆಟ್, ಸ್ಥಾಪನೆ 1957. ಇನ್ನೊಂದು ದಿಕ್ಕಿನಲ್ಲಿ, ಅಮೆರಿಕದ ಎಂಐಟಿಯಲ್ಲಿ 1946ರಲ್ಲಿ ಆರಂಭವಾದ ಟೆಕ್ ಮಾಡೆಲ್ ರೈಲ್‌ರೋಡ್ ಕ್ಲಬ್ಬಿನಲ್ಲಿ ಹಲಗೆಯ ಕೆಳಗಿನ ರಿಲೇಗಳನ್ನು ನೋಡಿಕೊಳ್ಳುತ್ತಿದ್ದ ಸಿಗ್ನಲ್ ಮತ್ತು ವಿದ್ಯುತ್ ಉಪಸಮಿತಿಯ ಹುಡುಗರೇ ಮುಂದೆ ಕಂಪ್ಯೂಟರ್ ಹ್ಯಾಕರ್ ಪರಂಪರೆಯ ಮೊದಲಿಗರೆನಿಸಿದರು.

ಉದಾಹರಣೆಯ ಮಾರ್ಗ: ಹೊಟಗಿ–ಗದಗ

ವಿಜಯಪುರ ಸೀಮೆಯನ್ನು ಕಂಗೆಡಿಸಿದ 1876–78ರ ಬರಗಾಲದ ಬೆನ್ನಲ್ಲೇ, ಕಾಳುಕಡಿ ಸಾಗಿಸುವ ದಾರಿಯಾಗಿ ಈ ಮಾರ್ಗ ಮಂಜೂರಾಯಿತು. 1882ರಲ್ಲಿ ರಚನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ಇದನ್ನು ಮೀಟರ್ ಗೇಜಿನಲ್ಲಿ ಕಟ್ಟಿತು. 1884ರಲ್ಲಿ ಗಾಡಿಗಳು ಓಡಿದವು. 1908ರಲ್ಲಿ ಅದು ಮದ್ರಾಸ್ ಮತ್ತು ಸದರ್ನ್ ಮರಾಠಾ ರೈಲ್ವೆಯೊಳಗೆ ಸೇರಿತು. 1951ರಲ್ಲಿ ದಕ್ಷಿಣ ರೈಲ್ವೆ, 1966ರ ನಂತರ ದಕ್ಷಿಣ ಮಧ್ಯ ರೈಲ್ವೆ, 2003ರಿಂದ ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿಯಿರುವ ನೈರುತ್ಯ ರೈಲ್ವೆ, ಹೀಗೆ ಆಡಳಿತ ಕೈ ಬದಲಾಯಿಸಿತು. 2000ರ ದಶಕದಲ್ಲಿ ಮಾರ್ಗ ಬ್ರಾಡ್ ಗೇಜ್ ಆಯಿತು. ಕೂಡಗಿಯಲ್ಲಿ 2400 ಮೆಗಾವಾಟ್‌ನ ಎನ್‌ಟಿಪಿಸಿ ಶಾಖೋತ್ಪನ್ನ ಸ್ಥಾವರ ತಲೆಯೆತ್ತಿದ ಮೇಲೆ ಕಲ್ಲಿದ್ದಲ ಗಾಡಿಗಳ ಸಾಲು ಬೆಳೆಯಿತು. ಜೋಡಿ ಹಳಿ ಮತ್ತು ವಿದ್ಯುದೀಕರಣ ನಂತರ ಬಂದವು.

ಭೀಮೆಯನ್ನು ದಾಟಿ ದಕ್ಷಿಣಕ್ಕೆ ಬರುವ ಗಾಡಿ ಲಚ್ಯಾಣ, ಇಂಡಿ ರೋಡ್, ಗುರುದೇವ ರಾನಡೆಯವರ ಆಶ್ರಮವಿರುವ ನಿಂಬಾಳ, ಮಿಂಚನಾಳಗಳನ್ನು ಹಾದು ವಿಜಯಪುರಕ್ಕೆ ಬರುತ್ತದೆ. ಅಲ್ಲಿಂದ ಬಸವನ ಬಾಗೇವಾಡಿ ರೋಡ್, ಆಲಮಟ್ಟಿ ದಾಟಿ ಕೃಷ್ಣೆಯ ಆಚೆಗೆ ಹೋಗುತ್ತದೆ. ಸಿಂದಗಿ, ಮುದ್ದೇಬಿಹಾಳ ಪಟ್ಟಣಗಳಿಗೆ ರೈಲು ಮುಟ್ಟಿಲ್ಲ. ಇಂಡಿ ರೋಡ್, ಬಾಗೇವಾಡಿ ರೋಡ್ ಎಂಬ ಹೆಸರುಗಳಲ್ಲಿರುವ ರೋಡ್ ಶಬ್ದವೇ ಹೇಳುವಂತೆ ಊರು ಒಂದು ಕಡೆ, ನಿಲ್ದಾಣ ಇನ್ನೊಂದು ಕಡೆ. ಇಂಡಿ ತಾಲೂಕಿನ ಸಾಲೋಟಗಿಯೂ ಹೀಗೆ ಹಳಿಯಿಂದ ದೂರವಿರುವ ಊರು.

ಲೇಔಟ್ ಕಟ್ಟುವವರಿಗೆ ಈ ದೂರವೇ ಅನುಕೂಲ. ನಿಲ್ದಾಣದ ಪಕ್ಕ ಪೇಟೆ ಕಟ್ಟಬೇಕಾಗಿಲ್ಲ. ಒಂದು ಕಟ್ಟಡ, ಎರಡು ಬೇವಿನ ಮರ, ಮುಂದೆ ನಿಂತ ಒಂದು ಬಸ್ಸು ಅಥವಾ ಟಂಟಂ, ಅದರಾಚೆ ಹೊಲಗಳ ನಡುವೆ ಕಣ್ಮರೆಯಾಗುವ ರಸ್ತೆ ಸಾಕು. ಇಂಡಿ, ಸಾಲೋಟಗಿಗಳನ್ನು ರಸ್ತೆಯ ಕೈಕಂಬದ ಮೇಲಿನ ಅಕ್ಷರವಾಗಿಯೂ ಹಿಂದಿನ ಪರದೆಯ ಚಿತ್ರವಾಗಿಯೂ ತೋರಿಸಬಹುದು.

ಕಾಲದ ಆಯ್ಕೆ ಮೊದಲೇ ಆಗಬೇಕು. 1970ರ ದಶಕವಾದರೆ ಮೀಟರ್ ಗೇಜ್, ವೈಪಿ ಮತ್ತು ವೈಜಿ ಉಗಿ ಎಂಜಿನ್ನುಗಳು, ವೈಡಿಎಂ-4 ಡೀಸೆಲ್, ಕೈಮರ, ತಂತಿಕಂಬ. ಇಂದಿನದಾದರೆ ಕಾಂಕ್ರೀಟ್ ಸ್ಲೀಪರ್, ಜೋಡಿ ಹಳಿ, 25 ಕಿಲೋವೋಲ್ಟ್ ತಂತಿ, ಬಣ್ಣದ ದೀಪಗಳು. ಎರಡನ್ನೂ ಬೆರೆಸಿದರೆ ಪ್ರತಿ ವಸ್ತು ಬಿಡಿಯಾಗಿ ಸರಿಯಿದ್ದರೂ ಒಟ್ಟು ದೃಶ್ಯ ಸುಳ್ಳಾಗುತ್ತದೆ.

ವಿವರ ತುಂಬುವ ಕೆಲಸ

ಹಳಿ ಮತ್ತು ಜಲ್ಲಿ: ಭಾರತದ ಮಾರ್ಗಗಳಲ್ಲಿ ಹಾಕುವ ಜಲ್ಲಿ ಸುಮಾರು 50 ಮಿ.ಮೀ. ಗಾತ್ರದ್ದು, ಎಚ್‌ಒದಲ್ಲಿ ಅರ್ಧ ಮಿ.ಮೀ.ಗಿಂತ ತುಸು ಹೆಚ್ಚು. ವಿಜಯಪುರ ಸೀಮೆಯ ಕರಿಕಲ್ಲು ಕ್ರಷರಿನ ಪುಡಿಯನ್ನು ಜರಡಿ ಹಿಡಿದು ಈ ಗಾತ್ರದ ಕಾಳನ್ನು ತೆಗೆಯಬಹುದು. ಆದರೆ ಈ ಕಲ್ಲಿನಲ್ಲಿ ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜ ಇರುವುದರಿಂದ ಕಣಗಳು ಎಂಜಿನ್ನಿನ ಮೋಟಾರಿನ ಆಯಸ್ಕಾಂತಕ್ಕೆ ಅಂಟಿ ಗಿಯರ್ ಕೆಡುತ್ತದೆ. ಬಳಸುವ ಮೊದಲು ಪುಡಿಯ ಮೇಲೆ ಆಯಸ್ಕಾಂತವನ್ನು ಹಲವು ಸಲ ಆಡಿಸಿ ಅಂಟಿದ್ದನ್ನು ಬಿಸಾಡಬೇಕು. ಒಣ ಜಲ್ಲಿಯನ್ನು ಬ್ರಷ್‌ನಿಂದ ಸ್ಲೀಪರುಗಳ ನಡುವೆ ಸರಿಪಡಿಸಿ, ನೀರು ಚಿಮುಕಿಸಿ, ಪಾತ್ರೆ ತೊಳೆಯುವ ದ್ರವದ ಒಂದು ಹನಿ ಬೆರೆಸಿದ ತೆಳು ಫೆವಿಕಾಲ್ ನೀರನ್ನು ಡ್ರಾಪರಿನಿಂದ ಬಿಡುತ್ತಾರೆ. ಆ ಹನಿ ಇಲ್ಲದಿದ್ದರೆ ಅಂಟು ಮೇಲೆಯೇ ಗುಳ್ಳೆಯಾಗಿ ನಿಂತು ಜಲ್ಲಿ ಚದುರುತ್ತದೆ. ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಪಾಯಿಂಟಿನ ಚಲಿಸುವ ನಾಲಿಗೆಯ ಸುತ್ತ ಅಂಟು ಹೋಗದಂತೆ ನೋಡಿಕೊಳ್ಳುವುದು ಮುಖ್ಯ.

ಕಾಂಕ್ರೀಟ್ ಸ್ಲೀಪರುಗಳನ್ನು ಕಿಲೋಮೀಟರಿಗೆ 1660ರಂತೆ ಹಾಕುತ್ತಾರೆ. ಅಂತರ ಸುಮಾರು 60 ಸೆಂ.ಮೀ., ಎಚ್‌ಒದಲ್ಲಿ 7 ಮಿ.ಮೀ. ಹಳಿಯ ಪಕ್ಕೆಗೆ ತುಕ್ಕಿನ ಬಣ್ಣ ಬಳಿದು ಮೇಲ್ಮೈಯನ್ನು ಮಾತ್ರ ಹೊಳೆಯಲು ಬಿಟ್ಟರೆ ಹಳಿ ತಾನಾಗಿಯೇ ತೆಳ್ಳಗೆ ಕಾಣುತ್ತದೆ.

ನೆಲ: ವಿದೇಶದ ಸಿದ್ಧ ಸಾಮಗ್ರಿಯಲ್ಲಿ ಬರುವ ಹಚ್ಚಹಸಿರು ಹುಲ್ಲು, ಸೂಜಿಯೆಲೆಯ ಮರ, ಇಳಿಜಾರು ಛಾವಣಿಯ ಮನೆ ಇಲ್ಲಿಗೆ ಒಗ್ಗುವುದಿಲ್ಲ. ಇಂಡಿಯ ಸುತ್ತ ಎರೆ ಭೂಮಿ, ನಡುನಡುವೆ ತೆಳುಮಣ್ಣಿನ ಮಡ್ಡಿ, ಬದುವಿನ ಮೇಲೆ ಜಾಲಿ ಮತ್ತು ಬೇವು, ಬಾವಿ ನೀರಿದ್ದ ಕಡೆ ಲಿಂಬೆ ತೋಟ. ಹಿಂಗಾರಿನ ಬಿಳಿಜೋಳ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬಿತ್ತನೆಯಾಗಿ ಬೇಸಿಗೆಯ ಬಾಗಿಲಲ್ಲಿ ಕೊಯ್ಲಿಗೆ ಬರುತ್ತದೆ. ಆಳೆತ್ತರದ ಬೆಳೆ ಎಚ್‌ಒದಲ್ಲಿ 2 ಸೆಂ.ಮೀ. ಯಾವ ತಿಂಗಳು ಎಂಬುದನ್ನು ನಿರ್ಧರಿಸಿದರೆ ನೆಲದ ಬಣ್ಣ, ಕಣದಲ್ಲಿ ಕಣಕಿಯ ಬಣವೆ ಇರಬೇಕೆ ಬೇಡವೆ, ಜನ ತಲೆಗೆ ಟವೆಲ್ ಸುತ್ತಿರಬೇಕೆ ಎಂಬುದೆಲ್ಲ ತಾನಾಗಿ ತೀರ್ಮಾನವಾಗುತ್ತದೆ. ಹಳ್ಳಿಯ ಮನೆಗಳು ಕಲ್ಲು-ಮಣ್ಣಿನ ಗೋಡೆಯ, ಸಮತಟ್ಟು ಮಾಳಿಗೆಯವು. ಅವನ್ನು ದಪ್ಪ ರಟ್ಟಿನಿಂದ ಕತ್ತರಿಸಿ ನಿಜವಾದ ಮಣ್ಣನ್ನೇ ಅಂಟಿನಲ್ಲಿ ಕಲಸಿ ಬಳಿಯುವುದು ಕೊಂಡ ಕಿಟ್‌ಗಿಂತ ಅಗ್ಗ, ಸಹಜ.

ನಿಲ್ದಾಣ: ಹಳದಿ ಹಲಗೆಯ ಮೇಲೆ ಕಪ್ಪು ಅಕ್ಷರದಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಹೆಸರು, ಕೆಳಗೆ ಸಮುದ್ರಮಟ್ಟದಿಂದ ಎತ್ತರ, ಇದೊಂದೇ ವಸ್ತು ಲೇಔಟಿಗೆ ವಿಳಾಸ ಕೊಡುತ್ತದೆ. ಪ್ಲಾಟ್‌ಫಾರ್ಮಿನ ಬೇವಿನ ಕಟ್ಟೆ, ಗಂಟೆಯಾಗಿ ನೇತುಹಾಕಿದ ಹಳಿಯ ತುಂಡು, ನೀರಿನ ನಲ್ಲಿ, ಬೆಂಕಿಗೆಂದು ಮರಳು ತುಂಬಿದ ಕೆಂಪು ಬಕೆಟ್‌ಗಳು, ಗೇಟಿನ ಮುಂಚೆ ಸೀಟಿ ಊದಲು ಹೇಳುವ ಡಬ್ಲ್ಯು/ಎಲ್ ಹಲಗೆ, ಕೊನೆಯ ಡಬ್ಬಿಯ ಹಿಂದೆ ಎಲ್‌ವಿ ಫಲಕ ಇವು ಚಿಕ್ಕವಾದರೂ ಬಿಡುವಂಥವಲ್ಲ. ವಿದ್ಯುತ್ ಮಾರ್ಗವಾದರೆ ಕಂಬಗಳ ನಡುವೆ ಹೆಚ್ಚೆಂದರೆ 72 ಮೀ. ಅಂತರ, ಎಚ್‌ಒದಲ್ಲಿ 83 ಸೆಂ.ಮೀ.

ಕೈಮರದ ಕಾಲದಲ್ಲಿ ಹಳಿಯ ಪಕ್ಕದುದ್ದಕ್ಕೂ ಗಿಡ್ಡ ಗೂಟಗಳ ಮೇಲಿನ ರಾಟೆಗಳಲ್ಲಿ ಸಿಗ್ನಲ್ ತಂತಿ ಹರಿಯುತ್ತಿತ್ತು, ಪಾಯಿಂಟಿನವರೆಗೆ ಕಬ್ಬಿಣದ ಸಲಾಕೆ ಹೋಗುತ್ತಿತ್ತು. ಇವನ್ನು ಹಾಕಿದ ಲೇಔಟಿನಲ್ಲಿ ಸಿಗ್ನಲ್ ಕಂಬ ನೆಲಕ್ಕೆ ಚುಚ್ಚಿದ ವಸ್ತುವಾಗಿ ಉಳಿಯದೆ, ಸಿಗ್ನಲ್ ಎಳೆಯುವ ಲಿವರುಗಳಿರುವ ಕ್ಯಾಬಿನ್ನಿಗೆ ಕಟ್ಟಿಕೊಂಡ ಯಂತ್ರದ ತುದಿಯಾಗಿ ಕಾಣುತ್ತದೆ.

ಭಾರತೀಯ ಸಿಗ್ನಲ್‌ಗಳ ಕ್ರಮ

ಕೈಮರ ಸಿಗ್ನಲ್ 1840ರ ದಶಕದ ಆರಂಭದಲ್ಲಿ ಲಂಡನ್ನಿನ ಬಳಿ ಮೊದಲು ರೈಲಿಗೆ ಬಂತು. ಭಾರತದ ಮೀಟರ್ ಗೇಜ್ ನಿಲ್ದಾಣಗಳಲ್ಲಿ ಸಾಮಾನ್ಯವಾಗಿ ಕಾಣುತ್ತಿದ್ದುದು ಕೆಳಮುಖವಾಗಿ ಇಳಿಯುವ ಎರಡು ಸ್ಥಿತಿಯ ಕೈಮರ. ತೋಳು ಅಡ್ಡವಾಗಿದ್ದರೆ ನಿಲ್ಲು. ಓರೆಯಾಗಿ ಕೆಳಗಿಳಿದಿದ್ದರೆ ಹೊರಡು. ಚಾಲಕ ನೋಡಿದಾಗ ತೋಳು ಕಂಬದ ಎಡಕ್ಕೆ ಚಾಚಿರುತ್ತದೆ. ಮುಂಭಾಗ ಕೆಂಪು, ತುದಿಯ ಬಳಿ ಬಿಳಿ ಪಟ್ಟಿ. ಹಿಂಭಾಗ ಬಿಳಿ, ಕಪ್ಪು ಪಟ್ಟಿ.

ನಿಲ್ದಾಣಕ್ಕೆ ಬರುವ ಗಾಡಿಗೆ ಮೊದಲು ಔಟರ್, ನಂತರ ಹೋಮ್ ಸಿಗ್ನಲ್ ಕಾಣುತ್ತದೆ. ಹೊರಡುವಾಗ ಸ್ಟಾರ್ಟರ್, ಕೆಲವೆಡೆ ಅಡ್ವಾನ್ಸ್ಡ್ ಸ್ಟಾರ್ಟರ್. ಔಟರ್ ಕಂಬದಲ್ಲೇ ಕೆಳಗೆ ಮೀನಿನ ಬಾಲದಂತೆ ಸೀಳಿದ, ಮುನ್ಸೂಚನೆ ಕೊಡುವ ವಾರ್ನರ್ ತೋಳು ಇರುತ್ತದೆ. ವಾರ್ನರ್ ಒಂಟಿ ಕಂಬದ ಮೇಲಿದ್ದರೆ ಅದರ ಮೇಲೆ 1.5ರಿಂದ 2 ಮೀ. ಎತ್ತರದಲ್ಲಿ ಸದಾ ಉರಿಯುವ ಹಸಿರು ದೀಪವಿರುತ್ತದೆ. ರಾತ್ರಿ ಇದನ್ನು ನಿಲ್ಲುವ ಸಿಗ್ನಲ್ ಎಂದು ಚಾಲಕ ತಪ್ಪು ತಿಳಿಯಬಾರದೆಂದು. ಎರಡು ಹಳಿಗಳಿಗೆ ದಾರಿ ಒಡೆಯುವಲ್ಲಿ ಹೋಮ್ ಸಿಗ್ನಲ್ ಜೋಡಿ ಕಂಬದ್ದಾಗಿದ್ದು, ಮುಖ್ಯ ಹಳಿಯ ತೋಳು ಎತ್ತರದಲ್ಲಿ, ಪಕ್ಕಕ್ಕೆ ಕವಲೊಡೆದು ಮತ್ತೆ ಕೂಡುವ ಲೂಪ್ ಹಳಿಯದು ತಗ್ಗಿನಲ್ಲಿ ಇರುತ್ತದೆ.

ಮೇಲ್ಮುಖವಾಗಿ ಏಳುವ ಬಹುಸ್ಥಿತಿಯ ಕೈಮರದಲ್ಲಿ ಮೂರು ನಿಲುವು: ಅಡ್ಡ, 45 ಡಿಗ್ರಿ, ನೆಟ್ಟಗೆ. ನಿಲ್ಲು, ಎಚ್ಚರದಿಂದ ಸಾಗು, ಸಾಗು ಎಂಬುದು ಅವುಗಳ ಅರ್ಥ. ಇಲ್ಲಿ ತಂತಿ ತುಂಡಾದರೆ ತೋಳು ತನ್ನ ಭಾರಕ್ಕೇ ನಿಲ್ಲು ಸ್ಥಿತಿಗೆ ಬೀಳುತ್ತದೆ. ಕೆಳಮುಖದ್ದರಲ್ಲಿ ಗಾಜಿನ ಚೌಕಟ್ಟು ಮತ್ತು ತೂಕದ ಗುಂಡು ಆ ಕೆಲಸ ಮಾಡುತ್ತವೆ.

ಬಣ್ಣದ ದೀಪದ ಸಿಗ್ನಲ್‌ನಲ್ಲಿ ಮೂರು ದೀಪವಿದ್ದರೆ ಮೇಲಿನಿಂದ ಹಸಿರು, ಹಳದಿ, ಕೆಂಪು. ನಾಲ್ಕಿದ್ದರೆ ಹಳದಿ, ಹಸಿರು, ಹಳದಿ, ಕೆಂಪು. ಕೆಂಪು ಯಾವಾಗಲೂ ಕೆಳಗೆ, ಚಾಲಕನ ಕಣ್ಣಿಗೆ ಹತ್ತಿರ. ರಸ್ತೆಯ ಸಿಗ್ನಲ್ ನೋಡಿ ಅಭ್ಯಾಸವಾದವರು ಮಾದರಿಯಲ್ಲಿ ಮಾಡುವ ಮೊದಲ ತಪ್ಪು ಕೆಂಪನ್ನು ಮೇಲಿಡುವುದು. ಮುಂದಿನ ಸಿಗ್ನಲ್ಲಿನ ಸ್ಥಿತಿಯನ್ನು ಮುಂಚೆಯೇ ತಿಳಿಸುವ ಡಿಸ್ಟೆಂಟ್ ಕಂಬಕ್ಕೆ ಪಿ ಅಕ್ಷರದ ಬಿಳಿ ಬಿಲ್ಲೆ, ಗೇಟ್ ಸಿಗ್ನಲ್‌ಗೆ ಜಿ ಅಕ್ಷರದ ಹಳದಿ ಬಿಲ್ಲೆ ಇರುತ್ತದೆ. ಕವಲಿನ ದಾರಿಯನ್ನು ಓರೆ ಸಾಲಿನ ಐದು ಬಿಳಿ ದೀಪಗಳು ಸೂಚಿಸುತ್ತವೆ.

ದೂರದ ಲೆಕ್ಕದಲ್ಲಿ ರಾಜಿ ಅನಿವಾರ್ಯ. ಬ್ರಾಡ್ ಗೇಜ್ ಲೂಪಿನ ವಾಡಿಕೆಯ ಉದ್ದ 686 ಮೀ., ಎಚ್‌ಒದಲ್ಲಿ 7.9 ಮೀ. ಎರಡು ಸ್ಥಿತಿಯ ಕೈಮರದ ನಿಲ್ದಾಣದಲ್ಲಿ ಮೊದಲ ನಿಲ್ಲು ಸಿಗ್ನಲ್ಲಿನ ಒಳಗೆ ಖಾಲಿ ಇರಬೇಕಾದ ದೂರ 400 ಮೀ.; ಹಲಗೆಯ ಮೇಲೆ 4.6 ಮೀ. ಬಹುಸ್ಥಿತಿಯ ಸಿಗ್ನಲ್ ವ್ಯವಸ್ಥೆಯಲ್ಲಿ ಅದು 180 ಮೀ., ಅಂದರೆ 2.07 ಮೀ. ಮನೆಯ ಕೋಣೆಯಲ್ಲಿ ಇಷ್ಟು ಜಾಗ ಇರುವುದಿಲ್ಲ. ಅನುಭವಿಗಳು ಅಂತರಗಳನ್ನು ಒಂದೇ ಪ್ರಮಾಣದಲ್ಲಿ ಕುಗ್ಗಿಸಿ, ಸಿಗ್ನಲ್‌ಗಳ ಅನುಕ್ರಮವನ್ನು ಮಾತ್ರ ಕೆಡಿಸುವುದಿಲ್ಲ. ಔಟರಿಗೆ ಜಾಗವಿಲ್ಲದಿದ್ದರೆ ಅದು ಹಿನ್ನೆಲೆಯ ಪರದೆಯ ಆಚೆ ಇದೆಯೆಂದು ಭಾವಿಸಿ, ಅದರ ಲಿವರನ್ನಷ್ಟೇ ಕ್ಯಾಬಿನ್ನಿನ ಲಿವರ್ ಫ್ರೇಮಿನಲ್ಲಿ ಉಳಿಸುತ್ತಾರೆ.

ಕೈಮರವನ್ನು ಆಡಿಸುವುದು

ಎಚ್‌ಒದಲ್ಲಿ ಎಂಟು ಮೀಟರ್ ಕಂಬ 9.2 ಸೆಂ.ಮೀ.; ನಾಲ್ಕು ಅಡಿಯ ತೋಳು 14 ಮಿ.ಮೀ. ಹಿತ್ತಾಳೆಯ ತೆಳು ಹಾಳೆಯಿಂದ ತೋಳು, ಕೊಳವೆಯಿಂದ ಕಂಬ, 0.3 ಮಿ.ಮೀ. ತಂತಿಯಿಂದ ಎಳೆಯುವ ಸಲಾಕೆ ಮಾಡಿ ಬೆಸುಗೆ ಹಾಕುತ್ತಾರೆ. ದೀಪ ತಿದ್ದುವವನು ಹತ್ತುವ ಏಣಿಯನ್ನು ಕಂಬದ ಹಿಂದೆ ಜೋಡಿಸುವುದನ್ನು ಮರೆಯಬಾರದು.

ಚಲನೆಗೆ ಹಿಂದೆ ಸೊಲೆನಾಯ್ಡ್ ಸುರುಳಿ ಬಳಸುತ್ತಿದ್ದರು. ಅದರಿಂದ ತೋಳು ಟಕ್ಕೆಂದು ಜಿಗಿಯುತ್ತದೆ; ನಿಜವಾದ ಕೈಮರ ಹಾಗೆ ಜಿಗಿಯುವುದಿಲ್ಲ. ಈಗ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುವ ಎಸ್‌ಜಿ90 ಎಂಬ ಒಂಬತ್ತು ಗ್ರಾಮಿನ ಸರ್ವೊ ಮೋಟಾರು ಸಾಮಾನ್ಯವಾಗಿದೆ. ಪ್ರತಿ 20 ಮಿಲಿಸೆಕೆಂಡಿಗೊಮ್ಮೆ ಕಳಿಸುವ 1ರಿಂದ 2 ಮಿಲಿಸೆಕೆಂಡಿನ ಮಿಡಿತದ ಅಗಲವನ್ನು ಅವಲಂಬಿಸಿ ಅದರ ಕೋನ ಬದಲಾಗುತ್ತದೆ. ಸರ್ವೊವನ್ನು ನಿಯಂತ್ರಿಸುವ ಆರ್ಡ್ವಿನೊ ಎಂಬ ಚಿಕ್ಕ ಬೋರ್ಡಿನ ಪ್ರೋಗ್ರಾಮಿನಲ್ಲಿ ತೋಳು ನಿಧಾನ ಹೊರಟು, ಕೊನೆಯಲ್ಲಿ ಗುರಿಯನ್ನು ತುಸು ಮೀರಿ, ಎರಡು ಸಲ ಅದುರಿ ನಿಲ್ಲುವಂತೆ ಬರೆಯಬಹುದು. ತಂತಿ ಸಡಿಲವಾದಾಗ ತೂಕದ ಗುಂಡು ಬಿದ್ದು ಆಗುವ ಈ ಅದುರುವಿಕೆಯೇ ಕೈಮರದ ಗುರುತು. ಕರೆಂಟು ಕೊಟ್ಟ ಕ್ಷಣ ಸರ್ವೊ ಒಮ್ಮೆ ಒದ್ದಾಡಿ ನಾಜೂಕಾದ ತೋಳನ್ನು ಬಗ್ಗಿಸುವುದುಂಟು. ಮೊದಲು ಬೋರ್ಡು ಮಿಡಿತ ಕಳಿಸತೊಡಗಿ, ಆಮೇಲೆ ರಿಲೇ ಮೂಲಕ ಸರ್ವೊಗೆ ವಿದ್ಯುತ್ ಹೋಗುವಂತೆ ಮಾಡಿದರೆ ಇದು ತಪ್ಪುತ್ತದೆ.

ರಾತ್ರಿಯ ದೀಪಕ್ಕೆ ಹಸಿರು ಎಲ್‌ಇಡಿ ಹಾಕುವುದು ತಪ್ಪು. ಸೀಮೆಎಣ್ಣೆ ದೀಪದ ಜ್ವಾಲೆ ಹಳದಿ. ಅದು ಹಸಿರಾಗಿ ಕಾಣಲೆಂದು ಕೈಮರದ ಗಾಜು ನೀಲಿ ಬೆರೆತ ಹಸಿರಿನದಾಗಿರುತ್ತಿತ್ತು. ಕಂಬದಲ್ಲಿ ಬೆಚ್ಚನೆಯ ಬಿಳಿಯ ಎಲ್‌ಇಡಿ ಒಂದನ್ನೇ ನಿಲ್ಲಿಸಿ, ತೋಳಿನ ಚೌಕಟ್ಟಿನಲ್ಲಿ ಕೆಂಪು ಮತ್ತು ನೀಲಿಹಸಿರು ಹಾಳೆ ಅಂಟಿಸಿದರೆ, ತೋಳು ಇಳಿದಂತೆ ಬಣ್ಣ ತಾನಾಗಿ ಬದಲಾಗುತ್ತದೆ.

ಬಣ್ಣದ ದೀಪಗಳು

ಮೂರು ಮಿ.ಮೀ. ಎಲ್‌ಇಡಿ ಎಚ್‌ಒದಲ್ಲಿ 26 ಸೆಂ.ಮೀ. ಅಗಲದ ದೀಪವಾಗುತ್ತದೆ, ಸ್ವಲ್ಪ ದೊಡ್ಡದು. 1.6 × 0.8 ಮಿ.ಮೀ. ಗಾತ್ರದ 0603 ಚಿಪ್ ಎಲ್‌ಇಡಿಯನ್ನು ಕಪ್ಪು ಹಣೆಪಟ್ಟಿಯ ಹಿಂದೆ ಕೂರಿಸಿದರೆ ಅಳತೆ ಹೊಂದುತ್ತದೆ. ಪ್ರತಿ ಎಲ್‌ಇಡಿಗೂ ರೆಸಿಸ್ಟರ್ ಬೇಕು. 12 ವೋಲ್ಟ್ ಪೂರೈಕೆ, ಕೆಂಪು ಎಲ್‌ಇಡಿಗೆ 2 ವೋಲ್ಟ್, 5 ಮಿಲಿ ಆಂಪಿಯರ್ ಎಂದಾದರೆ ಉಳಿದ 10 ವೋಲ್ಟನ್ನು 0.005ರಿಂದ ಭಾಗಿಸಿ 2000 ಓಮ್ ಬರುತ್ತದೆ, ಅಂಗಡಿಯಲ್ಲಿ 2.2 ಕಿಲೋ ಓಮ್ ಕೇಳಬೇಕು. ಹಸಿರಿಗೆ ಅಷ್ಟೇ ಕರೆಂಟು ಕೊಟ್ಟರೆ ಕಣ್ಣು ಕುಕ್ಕುತ್ತದೆ. ಅದರ ರೆಸಿಸ್ಟರನ್ನು ಹೆಚ್ಚಿಸಿ ಮೂರೂ ಬಣ್ಣ ಸಮವಾಗಿ ಕಾಣುವಂತೆ ಕಣ್ಣಳತೆಯಲ್ಲೇ ಹೊಂದಿಸುತ್ತಾರೆ. ಕವಲು ಸೂಚಿಸುವ ಐದು ದೀಪಗಳಿಗೆ ಒಂದೇ ಬಿಳಿ ಎಲ್‌ಇಡಿಯಿಂದ ಐದು ಎಳೆ ಫೈಬರ್ ಎಳೆದರೆ ಸಾಕು.

ಗಾಡಿಯ ಪತ್ತೆ

1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್‌ಸನ್ ಪೇಟೆಂಟ್ ಪಡೆದ ಟ್ರ್ಯಾಕ್ ಸರ್ಕ್ಯೂಟ್‌ನ ತತ್ತ್ವ ಇದು: ಹಳಿಗಳ ಮೂಲಕ ಹರಿದು ರಿಲೇಯನ್ನು ಹಿಡಿದಿಟ್ಟ ಕರೆಂಟನ್ನು ಗಾಡಿಯ ಚಕ್ರ ಅಡ್ಡದಾರಿಗೆ ಎಳೆದಾಗ ರಿಲೇ ಬಿಡುತ್ತದೆ, ಸಿಗ್ನಲ್ ಕೆಂಪಾಗುತ್ತದೆ. ತಂತಿ ತುಂಡಾದರೂ ಫಲ ಅದೇ ಕೆಂಪು. ಮಾದರಿಯಲ್ಲಿ ಗಾಡಿಗೆ ಹೋಗುವ ಕರೆಂಟನ್ನೇ ಅಳೆದು ಬ್ಲಾಕಿನಲ್ಲಿ, ಅಂದರೆ ಬೇರ್ಪಡಿಸಿದ ಹಳಿಯ ತುಂಡಿನಲ್ಲಿ, ಗಾಡಿ ಇದೆಯೇ ಎಂದು ತಿಳಿಯುತ್ತಾರೆ. ಎಂಜಿನ್ ಇಲ್ಲದ ಡಬ್ಬಿಗಳೂ ಪತ್ತೆಯಾಗಬೇಕಾದರೆ ಅವುಗಳ ಅಚ್ಚಿಗೆ 10 ಕಿಲೋ ಓಮ್ ರೆಸಿಸ್ಟರ್ ಅಂಟಿಸುತ್ತಾರೆ. ಕೊನೆಯ ಡಬ್ಬಿಗಂತೂ ಇದು ಬೇಕೇಬೇಕು. ಇಲ್ಲದಿದ್ದರೆ ಎಂಜಿನ್ ಬ್ಲಾಕ್ ದಾಟಿದ ಕೂಡಲೇ ಹಿಂದಿನ ಸಿಗ್ನಲ್ ಹಸಿರಾಗಿ, ಬಾಲ ಇನ್ನೂ ಅಲ್ಲೇ ಉಳಿದಿರುತ್ತದೆ. ಹಳಿಗಳ ನಡುವಿನ ಇನ್‌ಫ್ರಾರೆಡ್ ಕಣ್ಣು, ರೀಡ್ ಸ್ವಿಚ್ಚು ಮತ್ತು ಆಯಸ್ಕಾಂತ ಇತರ ದಾರಿಗಳು. ಇವು ಒಂದು ಬಿಂದುವನ್ನು ಮಾತ್ರ ಕಾಯುತ್ತವೆ.

ಇಂಟರ್‌ಲಾಕಿಂಗ್ ಮತ್ತು ಟೋಕನ್

ಪಾಯಿಂಟು ಒಂದು ಕಡೆ, ಸಿಗ್ನಲ್ ಇನ್ನೊಂದು ಕಡೆ ಹೇಳದಂತೆ ಲಿವರುಗಳನ್ನು ಪರಸ್ಪರ ಬಿಗಿಯುವ ಇಂಟರ್‌ಲಾಕಿಂಗಿಗೆ ಬ್ರಿಟನ್ನಿನ ಜಾನ್ ಸ್ಯಾಕ್ಸ್‌ಬಿ 1856ರಲ್ಲಿ ಪೇಟೆಂಟ್ ಪಡೆದ. ಮೂರು ನಿಯಮಗಳಲ್ಲಿ ಅದರ ಸಾರ ಇದೆ: ಪಾಯಿಂಟು ಸರಿಯಾಗಿ ಕೂತು ಬೀಗ ಬೀಳುವವರೆಗೆ ಸಿಗ್ನಲ್ ಇಳಿಯಬಾರದು, ಸಿಗ್ನಲ್ ಇಳಿದ ಮೇಲೆ ಪಾಯಿಂಟು ಕದಲಬಾರದು, ಎದುರುಬದುರು ಸಿಗ್ನಲ್‌ಗಳು ಏಕಕಾಲಕ್ಕೆ ಇಳಿಯಬಾರದು.

ಎರಡು ಹಳಿಯ ಒಂದು ನಿಲ್ದಾಣವನ್ನು ಊಹಿಸಿ. ಹೊಟಗಿ ಕಡೆಯಿಂದ ಬರುವ ಗೂಡ್ಸ್ ಗಾಡಿಯನ್ನು ಲೂಪಿಗೆ ತೆಗೆದುಕೊಳ್ಳಬೇಕು. ಮೊದಲು ಪಾಯಿಂಟಿನ ಲಿವರನ್ನು ಲೂಪಿನ ಕಡೆ ಎಳೆಯಬೇಕು, ನಂತರ ಬೀಗದ ಲಿವರ್. ಆಗ ಮಾತ್ರ ತಗ್ಗಿನ ಹೋಮ್ ತೋಳು ಇಳಿಯಲು ಬಿಡುಗಡೆ. ಅದು ಇಳಿದ ಮೇಲೆ ಔಟರ್. ವಾರ್ನರ್ ಅಡ್ಡವಾಗಿಯೇ ಇರಬೇಕು, ಏಕೆಂದರೆ ಅದು ಇಳಿಯುವುದು ಮುಖ್ಯ ಹಳಿಯಲ್ಲಿ ನಿಲ್ಲದೆ ಸಾಗುವ ಗಾಡಿಗೆ ಮಾತ್ರ. ಈ ಕ್ರಮವನ್ನು ಹಿತ್ತಾಳೆ ಪಟ್ಟಿಗಳ ಯಾಂತ್ರಿಕ ಫ್ರೇಮಿನಲ್ಲಿ, ರಿಲೇಗಳಲ್ಲಿ, ಆರ್ಡ್ವಿನೊದಲ್ಲಿ ಅಥವಾ ಉಚಿತವಾಗಿ ಸಿಗುವ ಜೆಎಂಆರ್‌ಐ ತಂತ್ರಾಂಶದಲ್ಲಿ ಅಳವಡಿಸಬಹುದು. ಯಾವುದರಲ್ಲಿ ಮಾಡಿದರೂ, ಮೊದಲು ಕಾಗದದ ಮೇಲೆ ಯಾವ ಲಿವರ್ ಯಾವುದನ್ನು ಬಿಗಿಯುತ್ತದೆ, ಯಾವುದನ್ನು ಬಿಡುತ್ತದೆ ಎಂಬ ಪಟ್ಟಿ ತಯಾರಾಗಬೇಕು.

ಒಂಟಿ ಹಳಿಯ ಮೇಲೆ ಎರಡು ನಿಲ್ದಾಣಗಳ ನಡುವೆ ಒಂದೇ ಗಾಡಿ ಇರುವಂತೆ ನೋಡಿಕೊಳ್ಳುತ್ತಿದ್ದುದು ಟೋಕನ್. ನೀಲ್ ಉಪಕರಣದಿಂದ ಹೊರಬರುವ ಲೋಹದ ಗುಂಡನ್ನು ಚರ್ಮದ ಚೀಲದಲ್ಲಿಟ್ಟು, ಬೆತ್ತದ ಬಳೆಗೆ ಕಟ್ಟಿ, ಓಡುವ ಗಾಡಿಯ ಚಾಲಕನ ತೋಳಿಗೆ ಸಿಗುವಂತೆ ಪ್ಲಾಟ್‌ಫಾರ್ಮಿನಲ್ಲಿ ಹಿಡಿದು ನಿಲ್ಲುವ ಪಾಯಿಂಟ್ಸ್‌ಮನ್ ಟೋಕನ್ ಕಾಲದ ಲೇಔಟಿನಲ್ಲಿ ಇರಲೇಬೇಕಾದ ಬೊಂಬೆ. ಕೆಲಸ ಮಾಡುವ ಮಾದರಿಗೆ ಎರಡು ಪೆಟ್ಟಿಗೆ, ಎರಡು ಗುಂಡಿ, ಒಂದು ಗಂಟೆ, ಒಂದು ರಿಲೇ ಸಾಕು: ಆಚೆಯ ನಿಲ್ದಾಣದವರು ಗುಂಡಿ ಒತ್ತಿ ಒಪ್ಪಿದರಷ್ಟೇ ಈಚೆಯ ಟೋಕನ್ ಹೊರಬರಬೇಕು, ಅದು ಹೊರಗಿರುವ ತನಕ ಇನ್ನೊಂದು ಬರಬಾರದು. ಇಬ್ಬರು ಇಂಡಿ ರೋಡ್ ಮತ್ತು ನಿಂಬಾಳದ ಸ್ಟೇಷನ್ ಮಾಸ್ತರರಾಗಿ ಕೂತರೆ ಒಂದೇ ಗಾಡಿಯಿಂದಲೂ ಒಂದು ಸಂಜೆಯ ಕೆಲಸ ಹುಟ್ಟುತ್ತದೆ. ವೇಗವೂ ಅಳತೆಗೆ ತಕ್ಕಂತಿರಬೇಕು: ಗಂಟೆಗೆ 60 ಕಿ.ಮೀ. ಎಂದರೆ ಎಚ್‌ಒದಲ್ಲಿ ಸೆಕೆಂಡಿಗೆ 19 ಸೆಂ.ಮೀ., ಒಂದು ಮೀಟರ್ ಸಾಗಲು ಐದು ಸೆಕೆಂಡಿಗೂ ಹೆಚ್ಚು.

ನೋಡಲು ಸಿಗುವ ಸ್ಥಳಗಳು

ಪುಣೆಯ ಕೋಥರೂಡಿನಲ್ಲಿ 1998ರಿಂದ ತೆರೆದಿರುವ ಜೋಶಿ ಚಿಕಣಿ ರೈಲ್ವೆ ಸಂಗ್ರಹಾಲಯ, ಸಿಗ್ನಲ್ ಸಹಿತ ಕೆಲಸ ಮಾಡುವ ಎಚ್‌ಒ ಲೇಔಟನ್ನು ಸಾರ್ವಜನಿಕರಿಗೆ ತೋರಿಸುತ್ತದೆ. ವಿಜಯಪುರ ಸೀಮೆಯವರು ಸೊಲ್ಲಾಪುರದ ಮೂಲಕ ಅಲ್ಲಿಗೆ ಹೋಗಬಹುದು. 2001ರಲ್ಲಿ ಆರಂಭವಾದ ಜರ್ಮನಿಯ ಹ್ಯಾಂಬರ್ಗ್‌ನ ಮಿನಿಯಾಟೂರ್ ವಂಡರ್‌ಲ್ಯಾಂಡ್ ಈ ಬಗೆಯ ಪ್ರದರ್ಶನಗಳಲ್ಲಿ ಜಗತ್ಪ್ರಸಿದ್ಧ. ಮೂಲ ವಸ್ತುಗಳನ್ನು ಅಳೆದು ನೋಡಬೇಕೆನ್ನುವವರಿಗೆ 1979ರಲ್ಲಿ ಸ್ಥಾಪನೆಯಾದ ಮೈಸೂರು ರೈಲ್ವೆ ವಸ್ತುಸಂಗ್ರಹಾಲಯ ಅನುಕೂಲ. ಎಂಜಿನ್ನು, ಡಬ್ಬಿಗಳ ಜೊತೆಗೆ ಸಿಗ್ನಲ್ ಮತ್ತು ದೀಪಗಳ ಸಂಗ್ರಹವೂ ಅಲ್ಲಿದೆ. ಹುಬ್ಬಳ್ಳಿಯ ರೈಲ್ವೆ ವಸ್ತುಸಂಗ್ರಹಾಲಯ 2020ರಲ್ಲಿ ತೆರೆಯಿತು.

ಕೆಲಸದ ಅನುಕ್ರಮ

ಮೊದಲ ಬಾರಿ ಸಿಗ್ನಲ್ ಹಾಕುವವರು ಇಡೀ ಲೇಔಟಿಗೆ ಕೈಹಾಕದೆ ನಿಲ್ದಾಣದ ಒಂದು ತುದಿಯನ್ನಷ್ಟೇ ಆರಿಸಿಕೊಳ್ಳುವುದು ಒಳ್ಳೆಯದು. ಒಂದು ಹೋಮ್, ಒಂದು ಪಾಯಿಂಟು, ಒಂದು ಸ್ಟಾರ್ಟರ್ ಕೂಡಿ ತಪ್ಪಿಲ್ಲದೆ ಕೆಲಸ ಮಾಡಿದ ಮೇಲೆ ಇನ್ನೊಂದು ತುದಿಗೆ ಹೋಗಬಹುದು. ತಂತಿಗಳಿಗೆ ಮೊದಲ ದಿನದಿಂದಲೇ ಬಣ್ಣ ಗೊತ್ತುಮಾಡಿ, ಎರಡೂ ತುದಿಗೆ ಸಂಖ್ಯೆ ಅಂಟಿಸಿ, ನೋಟ್‌ಪುಸ್ತಕದಲ್ಲಿ ಬರೆದಿಡಬೇಕು. ಸಿಗ್ನಲ್ ಕಂಬವನ್ನು ಹಲಗೆಗೆ ಅಂಟಿಸದೆ, ಸರ್ವೊ ಸಮೇತ ಮೇಲಕ್ಕೆ ಎತ್ತಿ ತೆಗೆಯುವಂತೆ ಒಂದೇ ಘಟಕವಾಗಿ ಕೂರಿಸಿದರೆ ರಿಪೇರಿ ಮೇಜಿನ ಮೇಲೆ ಕೂತು ಆಗುತ್ತದೆ. ಜಲ್ಲಿ, ಹುಲ್ಲು, ಬೊಂಬೆಗಳ ಕೆಲಸ ಸಿಗ್ನಲ್, ತಂತಿಗಳೆಲ್ಲ ಪರೀಕ್ಷೆಯಾದ ನಂತರದ್ದು. ಅಂಟು ಒಣಗಿದ ಮೇಲೆ ಹಳಿಯ ಕೆಳಗಿನ ತಂತಿಯನ್ನು ಸರಿಪಡಿಸಲು ಜಲ್ಲಿಯನ್ನೇ ಕೆರೆಯಬೇಕಾಗುತ್ತದೆ.